ಮರ್ಜ್ ಮಾಡುವುದೋ, ರೀಬೇಸ್ ಮಾಡುವುದೋ?

ನಿಮ್ಮ ಬ್ರಾಂಚಿನಲ್ಲಿ, ಅಂದರೆ ಕೋಡ್‌ನ ನಿಮ್ಮದೇ ಕವಲಿನಲ್ಲಿ, ಮೂರು ದಿನ ಕೆಲಸ ಮಾಡಿದ್ದೀರಿ. ಅಷ್ಟರಲ್ಲಿ ತಂಡದ ಮೇನ್ ಬ್ರಾಂಚ್ ಮುಂದೆ ಹೋಗಿದೆ. ಎರಡನ್ನೂ ಕೂಡಿಸಲು, ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನವಾದ ಗಿಟ್‌ನಲ್ಲಿ ಎರಡು ದಾರಿಗಳಿವೆ.

ಮರ್ಜ್ ನಡೆದದ್ದನ್ನು ನಡೆದಂತೆಯೇ ಉಳಿಸುತ್ತದೆ. ಹಳೆಯ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಮುಟ್ಟದೆ, ಎರಡು ಕವಲುಗಳನ್ನು ಸೇರಿಸುವ ಹೊಸ ಕಮಿಟ್ ಒಂದನ್ನು ರಚಿಸುತ್ತದೆ. ಒಂದೇ ಸಾಲನ್ನು ಎರಡೂ ಕಡೆ ಬೇರೆಬೇರೆಯಾಗಿ ಬದಲಿಸಿ ಘರ್ಷಣೆ ಬಂದರೆ ಒಂದೇ ಸಲ ಬಿಡಿಸಿದರಾಯಿತು. ಆದರೆ ದಿನಕ್ಕೆರಡು ಬಾರಿ ಮರ್ಜ್ ಮಾಡುತ್ತಾ ಹೋದರೆ ಇತಿಹಾಸ ಸಿಕ್ಕುಗಟ್ಟಿದ ನೂಲಿನಂತಾಗುತ್ತದೆ.

ರೀಬೇಸ್ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಮೇನ್‌ನ ತುದಿಯ ಮೇಲೆ ಮತ್ತೆ ಜೋಡಿಸುತ್ತದೆ. ಇತಿಹಾಸ ನೇರ ಗೆರೆಯಾಗುತ್ತದೆ. ದೋಷ ಯಾವ ಕಮಿಟ್‌ನಲ್ಲಿ ಹೊಕ್ಕಿತೆಂದು ಬೈಸೆಕ್ಟ್ (ಇತಿಹಾಸವನ್ನು ಅರ್ಧರ್ಧ ಭಾಗಿಸಿ ನೋಡುವ ಆದೇಶ) ಬಳಸಿ ಹುಡುಕುವಾಗ ಇದರ ಸುಖ ತಿಳಿಯುತ್ತದೆ. ಆದರೆ ಹೀಗೆ ಜೋಡಿಸಿದ ಪ್ರತಿ ಕಮಿಟ್‌ಗೂ ಹೊಸ ಹ್ಯಾಶ್, ಅಂದರೆ ಹೊಸ ಗುರುತಿನ ಸಂಖ್ಯೆ, ಬರುತ್ತದೆ. ಬೇರೆಯವರ ಬಳಿಯಿರುವ ಹಳೆಯ ಕಮಿಟ್‌ಗಳಿಗೆ ಇವು ಹೊಂದುವುದಿಲ್ಲ; ಅಪಾಯವಿರುವುದು ಅಲ್ಲೇ. ನಾನೊಮ್ಮೆ ಸಹೋದ್ಯೋಗಿಯೂ ಬಳಸುತ್ತಿದ್ದ ಬ್ರಾಂಚನ್ನು ರೀಬೇಸ್ ಮಾಡಿ, ಫೋರ್ಸ್ ಪುಶ್ ಮಾಡಿಬಿಟ್ಟೆ, ಅಂದರೆ ಸರ್ವರ್‌ನಲ್ಲಿದ್ದುದರ ಬದಲು ನನ್ನದನ್ನು ಬಲವಂತವಾಗಿ ಇಟ್ಟುಬಿಟ್ಟೆ. ಅವರು ಬೆಳಿಗ್ಗೆ ಸೇರಿಸಿದ್ದ ಎರಡು ಕಮಿಟ್‌ಗಳು ಸರ್ವರ್‌ನ ಬ್ರಾಂಚಿನಿಂದ ಕಾಣೆಯಾದವು. ಅವರ ಕಂಪ್ಯೂಟರಿನಲ್ಲಿ ಉಳಿದಿದ್ದರಿಂದ ಸಂಜೆಯೊಳಗೆ ಮರಳಿ ತಂದೆವು. ಅವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ‘ಫೋರ್ಸ್-ವಿತ್-ಲೀಸ್’ ಆಯ್ಕೆಯನ್ನೇ ಬಳಸುತ್ತೇನೆ. ನಾವಿನ್ನೂ ತರಿಸಿಕೊಳ್ಳದ ಕಮಿಟ್ ಸರ್ವರ್‌ನಲ್ಲಿದ್ದರೆ ಅದು ಪುಶ್ ಅನ್ನು ತಡೆಯುತ್ತದೆ.

ನೀವೊಬ್ಬರೇ ಬಳಸುವ ಬ್ರಾಂಚಾದರೆ ಧೈರ್ಯವಾಗಿ ರೀಬೇಸ್ ಮಾಡಿ. ಇನ್ನೊಬ್ಬರು ಅದರಿಂದ ಪುಲ್ ಮಾಡಿ ಕಮಿಟ್‌ಗಳನ್ನು ತರಿಸಿಕೊಂಡಿದ್ದರೆ ಮರ್ಜ್ ಮಾಡಿ, ಇತಿಹಾಸ ಎಷ್ಟೇ ಸಿಕ್ಕಾಗಲಿ. ತಂಡಕ್ಕೆ ಹೊಸಬರಾದರೆ ಮೊದಲು ಕಮಿಟ್‌ಗಳ ಪಟ್ಟಿಯಾದ ಲಾಗ್ ತೆರೆದು, ಅಲ್ಲಿಯವರ ರೂಢಿ ಯಾವುದೆಂದು ನೋಡಿ.