3ಎಂ 5200: ಹಳೆಯ ಮರದ ಯಾಟ್‌ನಲ್ಲಿ ಎಲ್ಲಿ ಹಾಕಬೇಕು, ಎಲ್ಲಿ ಮುಟ್ಟಲೇಬಾರದು

ನಮ್ಮ ಬಡಗಿಗಳ ಬಾಯಲ್ಲಿ ಫೆವಿಕಾಲ್‌ಗೆ ಎಂಥ ಹೆಸರಿದೆಯೋ, ಅಮೆರಿಕದಲ್ಲಿ ಮರದ ದೋಣಿ ರಿಪೇರಿ ಮಾಡುವವರ ಬಾಯಲ್ಲಿ 5200ಕ್ಕೆ ಅಂಥದೇ ಹೆಸರು. 3ಎಂ ಕಂಪನಿಯ ಪಾಲಿಯುರೆಥೇನ್ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಇದು. ಎರಡು ಡಬ್ಬಿ ಬೆರೆಸುವ ರಗಳೆ ಇಲ್ಲ. ಟ್ಯೂಬಿನಿಂದ ಹೊರಬಂದ ಮೇಲೆ ಗಾಳಿಯ ತೇವ ಹೀರಿಕೊಂಡು ಗಟ್ಟಿ ರಬ್ಬರಿನಂತಾಗುತ್ತದೆ, ನೀರಿನೊಳಗೆ ವರ್ಷಗಟ್ಟಲೆ ಇದ್ದರೂ ಬಿಡುವುದಿಲ್ಲ. ಹಿಡಿತದ ವಿಷಯದಲ್ಲಿ ಇದರ ಮೇಲೆ ತಕರಾರು ಕಡಿಮೆ. ತಕರಾರು ಇರುವುದು ಇದನ್ನು ಕಂಡಕಂಡಲ್ಲಿ ಬಳಿಯುವವರ ಮೇಲೆ. ಕ್ರಿಸ್-ಕ್ರಾಫ್ಟ್ ಕಂಪನಿಯ ಹಳೆಯ ಮರದ ದೋಣಿ ಕೈಗೆ ಬಂದಾಗ ಮೊದಲ ತಿಂಗಳ ಕೆಲಸವೆಲ್ಲ ಹಿಂದಿನ ಮಾಲೀಕ ಬಳಿದ 5200 ಕೆರೆಯುವುದರಲ್ಲೇ ಹೋಗುವುದುಂಟು.

ಆದ್ದರಿಂದ ಈ ವಿಮರ್ಶೆಯನ್ನು ದೋಣಿಯ ಭಾಗ ಹಿಡಿದು ಬರೆಯಬೇಕು. ಎದುರಿಗಿರುವುದು 1950–60ರ ದಶಕದ ಮರದ ಕ್ರಿಸ್-ಕ್ರಾಫ್ಟ್ ಕ್ರೂಸರ್ (ಒಳಗೆ ತಂಗಲು ಕೋಣೆಯಿರುವ ಮೋಟಾರ್ ದೋಣಿ) ಎಂದು ಇಟ್ಟುಕೊಳ್ಳೋಣ: ಮಿಷಿಗನ್‌ನ ಅಲ್ಗೊನ್ಯಾಕ್‌ನಲ್ಲಿ ಹುಟ್ಟಿದ ಕಂಪನಿ, ಫಿಲಿಪ್ಪೀನ್ ಮಹಾಗನಿ ಹಲಗೆ, ಒಳಗೆ ಓಕ್ ಫ್ರೇಮು.

ಮೊದಲು ತಳ ಎಂಥದು ನೋಡಿ. ಕ್ರಿಸ್-ಕ್ರಾಫ್ಟ್‌ನ ರನ್‌ಅಬೌಟ್ ಎಂಬ ಸಣ್ಣ ತೆರೆದ ದೋಣಿಗಳಲ್ಲೂ ಹಲವು ಕ್ರೂಸರ್‌ಗಳಲ್ಲೂ ತಳಕ್ಕೆ ಎರಡು ಪದರ ಹಲಗೆ. ಒಳಪದರ ಓರೆಯಾಗಿ, ಹೊರಪದರ ಉದ್ದಕ್ಕೆ, ನಡುವೆ ಎಣ್ಣೆಯಂಥದರಲ್ಲಿ ನೆನೆಸಿದ ಕ್ಯಾನ್ವಾಸ್ ಬಟ್ಟೆ. ನಲವತ್ತು ಐವತ್ತು ವರ್ಷದಲ್ಲಿ ಆ ಬಟ್ಟೆ ಕೊಳೆತು ಪುಡಿಯಾಗಿರುತ್ತದೆ, ನೀರು ಎರಡು ಪದರದ ಮಧ್ಯೆ ಸುಳಿದಾಡುತ್ತದೆ. 5200ರ ನಿಜವಾದ ಜಾಗ ಇದೇ. ಬಟ್ಟೆಯ ಬದಲು ಇದನ್ನೇ ಪೂರ್ತಿ ಹರಡಿ ಹೊರಪದರ ಕೂರಿಸುವುದಕ್ಕೆ ಅಲ್ಲಿಯವರು '5200 ಬಾಟಮ್' ಎಂದೇ ಹೆಸರಿಟ್ಟಿದ್ದಾರೆ. ಹಳೆಯ ತಳವಾದರೆ ಪ್ರತಿ ವಸಂತದಲ್ಲಿ ದೋಣಿಯನ್ನು ಪಟ್ಟಿಯಲ್ಲಿ ತೂಗುಹಾಕಿ ನೀರಿಗಿಳಿಸಿ, ಹಲಗೆ ಉಬ್ಬಿ ಸಂದು ಮುಚ್ಚುವ ತನಕ ದಿನಗಟ್ಟಲೆ ಪಂಪು ಓಡಿಸಬೇಕು. ಸರಿಯಾಗಿ ಮಾಡಿದ 5200 ತಳಕ್ಕೆ ಆ ಕಾಟ ಇಲ್ಲ. ಟ್ರೇಲರ್ ಮೇಲೆ ಒಣಗಿ ನಿಂತ ದೋಣಿಯನ್ನೂ ನೇರ ಇಳಿಸಬಹುದು.

'ಸರಿಯಾಗಿ' ಅನ್ನುವುದರಲ್ಲೇ ಅರ್ಧ ಕೆಲಸ ಅಡಗಿದೆ. ಒಳಪದರದ ಮರ ಒಣಗಿರಬೇಕು. ತೇವ ಅಳೆಯುವ ಮೀಟರ್ 12ರಿಂದ 15% ಒಳಗೆ ತೋರಿಸಿದರೆ ಸಾಕು. ಎಂಜಿನ್ ಕೆಳಗಿನ ಹಲಗೆ ದಶಕಗಳ ಆಯಿಲ್ ಕುಡಿದಿರುತ್ತದೆ, ಅದರ ಮೇಲೆ 5200 ಹಿಡಿಯುವುದಿಲ್ಲ. ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ, ಪ್ರತಿ ಸಲ ಬಟ್ಟೆ ಬದಲಿಸಿ, ಕಲೆ ಬರುವುದು ನಿಲ್ಲುವವರೆಗೆ ಒರೆಸಬೇಕು. ಒರೆಸಿದರೂ ಮರುದಿನ ಮತ್ತೆ ಎಣ್ಣೆ ಮೇಲೆ ಒಸರಿದರೆ ಆ ಹಲಗೆ ಬದಲಾಯಿಸುವುದೇ ವಾಸಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ತಿಳಿದು ಮುಖಕ್ಕೆ ಸೂಕ್ಷ್ಮ ಧೂಳು ತಡೆಯುವ ಪಿ100 ಮಾಸ್ಕ್ ಹಾಕಿ, ಧೂಳೇಳದಂತೆ ಒದ್ದೆ ಮಾಡಿ ಕೆರೆಯಿರಿ.

ಮರಕ್ಕೆ ತೆಳುವಾದ, ಒಳಗಿಳಿಯುವ ಎಪಾಕ್ಸಿ ಎರಡು ಮೂರು ಕೋಟು ಕುಡಿಸುವುದು ರೂಢಿ. ಅದು ಪೂರ್ತಿ ಗಟ್ಟಿಯಾಗಿ ವಾಸನೆ ಹೋದ ಮೇಲೆ 80 ನಂಬರಿನ ಉಪ್ಪುಕಾಗದದಿಂದ ಹೊಳಪು ಮುರಿದು, ಧೂಳು ಒರೆಸಿ, ಆಮೇಲೆ 5200. ಒರೆಸಲು ಸ್ಪಿರಿಟ್ ಬೇಡ. ಗಟ್ಟಿಯಾಗದ 5200ಗೆ ಆಲ್ಕೋಹಾಲ್ ತಗುಲಿದರೆ ಅದು ಗಟ್ಟಿಯಾಗುವುದೇ ನಿಂತುಹೋಗುತ್ತದೆ, ವಾರ ಕಳೆದರೂ ಅಂಟಂಟಾಗಿಯೇ ಉಳಿಯುತ್ತದೆ. ಕೈ, ಉಪಕರಣ ಒರೆಸಲಿಕ್ಕೂ ಇದೇ ಮಾತು. ಟರ್ಪೆಂಟೈನ್ ಬದಲಿಗೆ ಬಳಸುವ ಮಿನರಲ್ ಸ್ಪಿರಿಟ್ಸ್ ಪರವಾಗಿಲ್ಲ, ಹೆಸರಲ್ಲಿ ಸ್ಪಿರಿಟ್ ಇದ್ದರೂ ಅದು ಆಲ್ಕೋಹಾಲ್ ಅಲ್ಲ. ಮರದ ಮೇಲೆ ಅದೂ ಉಳಿಯದಂತೆ ಆರಬೇಕು.

ಲೆಕ್ಕ ಹಾಕದೆ ಅಂಗಡಿಗೆ ಹೋಗಬೇಡಿ. ದೊಡ್ಡ ಟ್ಯೂಬಿನಲ್ಲಿರುವುದು 295 ಮಿ.ಲೀ. 6 ಮಿ.ಮೀ. ದಪ್ಪದ ಎಳೆ ಎಳೆದರೆ ಸುಮಾರು 10 ಮೀಟರ್ ಬರುತ್ತದೆ. ಆದರೆ ತಳಕ್ಕೆ ಹರಡುವಾಗ 1.5 ಮಿ.ಮೀ. ದಪ್ಪ ಬೇಕು, ಅಂದರೆ ಒಂದು ಚದರ ಮೀಟರಿಗೆ ಒಂದೂವರೆ ಲೀಟರ್, ಐದು ಟ್ಯೂಬು. 25 ಚದರ ಮೀಟರ್ ತಳಕ್ಕೆ ವ್ಯರ್ಥವೂ ಸೇರಿ 140 ಟ್ಯೂಬು ಖರ್ಚು. ಬಜೆಟ್ ಹಾಕುವವರು ಸ್ಕ್ರೂ, ಹಲಗೆ ಎಲ್ಲ ಬರೆದು ಇದನ್ನು 'ಇತರೆ' ಎಂದು ಬಿಟ್ಟಿರುತ್ತಾರೆ. ಆಮೇಲೆ ಬಿಲ್ಲು ನೋಡಿ ಕಣ್ಣು ಬಿಡುತ್ತಾರೆ.

ಹಚ್ಚುವಾಗ ಇಬ್ಬರು ಬೇಕು. ಒಬ್ಬರು ಹಲ್ಲಿರುವ ಕರಣೆಯಿಂದ ಒಂದು ಹಲಗೆಗೆ ಸಾಕಾಗುವಷ್ಟೇ ಜಾಗಕ್ಕೆ ಬಳಿಯುತ್ತಾ ಹೋಗಬೇಕು, ಇನ್ನೊಬ್ಬರು ಹಿಂದೆಯೇ ಹಲಗೆ ಕೂರಿಸಿ ಸ್ಕ್ರೂ ತಿರುಗಿಸಬೇಕು. ರಂಧ್ರಗಳನ್ನೆಲ್ಲ ಮೊದಲೇ ಒಣ ಜೋಡಣೆಯಲ್ಲಿ ಕೊರೆದಿಟ್ಟಿರಬೇಕು. ಸ್ಕ್ರೂ ಬಿಗಿಯುವುದು ನಡುವಿನಿಂದ ತುದಿಗಳ ಕಡೆಗೆ. ತುದಿಗಳನ್ನು ಮೊದಲು ಬಿಗಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಟೊಳ್ಳು ಉಳಿಯುತ್ತದೆ. ಅಂಚಿನ ಉದ್ದಕ್ಕೂ ಸೀಲೆಂಟ್ ಒಂದೇ ಸಮ ಒಸರಿದರೆ ಒಳಗೆ ತುಂಬಿದೆ ಎಂದರ್ಥ. ಮೋಟಾರ್ ಸ್ಕ್ರೂಡ್ರೈವರ್‌ನ ಕ್ಲಚ್ ಕಮ್ಮಿ ಇಡಿ. ಎಲ್ಲ ಹಿಂಡಿ ಹೊರಹಾಕುವಷ್ಟು ಬಿಗಿದರೆ ಮಧ್ಯೆ ರಬ್ಬರೇ ಉಳಿಯುವುದಿಲ್ಲ, ಅಷ್ಟೆಲ್ಲ ಖರ್ಚು ಮಾಡಿದ್ದು ಆ ಒಂದು ಮಿಲಿಮೀಟರ್‌ಗಾಗಿಯೇ. ಸ್ಕ್ರೂ ಸಿಲಿಕಾನ್ ಕಂಚಿನದೇ ಇರಲಿ. ಹಳೆಯ ಹಿತ್ತಾಳೆ ಸ್ಕ್ರೂ ಬಿಚ್ಚಿದಾಗ ತೆಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸತುವು ಕರಗಿಹೋಗಿದೆ, ಕೈಯಲ್ಲೇ ಮುರಿಯುತ್ತದೆ. ಅದನ್ನು ಮತ್ತೆ ಹಾಕುವ ಮಾತೇ ಇಲ್ಲ.

ಇನ್ನು ಕಾಯುವ ಕೆಲಸ. ಮೇಲ್ಮೈ ಅಂಟು ಬಿಡಲು 48 ಗಂಟೆ, ಪೂರ್ತಿ ಗಟ್ಟಿಯಾಗಲು 5ರಿಂದ 7 ದಿನ ಎಂಬುದು ಕಂಪನಿಯ ಲೆಕ್ಕ. ಅದು ಸಾಧಾರಣ ಸೆಕೆ, ಸಾಧಾರಣ ತೇವ ಇರುವ ಕೋಣೆಯ ಲೆಕ್ಕ. ಮಿಷಿಗನ್ ಚಳಿಗಾಲದಲ್ಲಿ ಹೀಟರ್ ಹಾಕಿದ ಶೆಡ್ಡಿನ ಗಾಳಿ ಒಣಕಲು. ಅದರ ಮೇಲೆ ಎರಡೂ ಪದರಕ್ಕೆ ಎಪಾಕ್ಸಿ ಕುಡಿಸಿದ್ದೀರಿ, ಮರದ ಮೂಲಕವೂ ತೇವ ಬರುವಂತಿಲ್ಲ, ಅಂಚಿನಿಂದಷ್ಟೇ ನುಸುಳಬೇಕು. ಹಲಗೆಯ ನಟ್ಟನಡುವೆ ಇರುವುದು ವಾರಗಟ್ಟಲೆ ಮೆತ್ತಗೇ ಇರುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಕೋಣೆಯ ತೇವ ಏರಿಸಿದರೆ ಸ್ವಲ್ಪ ಬೇಗ ಆಗುತ್ತದೆ. ಆತುರಪಟ್ಟು ಮೂರನೇ ದಿನವೇ ಮೇಲೆ ಎಣ್ಣೆ ಬಣ್ಣ ಬಳಿದರೆ ಸಂದುಗಳ ಮೇಲಿನ ಬಣ್ಣ ಒಣಗದೆ ಅಂಟಂಟಾಗಿ ನಿಲ್ಲುತ್ತದೆ. ಹೊರಗೆ ಒಸರಿದ್ದನ್ನು ಹಸಿ ಇದ್ದಾಗಲೇ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯಿರಿ. ಗಟ್ಟಿಯಾದ ಮೇಲೆ ಉಜ್ಜಿದರೆ ಅದು ಉಪ್ಪುಕಾಗದಕ್ಕೆ ಮೆತ್ತಿಕೊಂಡು ಕಾಗದ ಕೆಡುತ್ತದೆ ಅಷ್ಟೇ, ಹರಿತವಾದ ಉಳಿಯೇ ಬೇಕು. 'ಫಾಸ್ಟ್ ಕ್ಯೂರ್' ಎಂಬ ತಮ್ಮನೂ ಇದ್ದಾನೆ, ಒಂದು ದಿನದಲ್ಲಿ ಗಟ್ಟಿಯಾಗುತ್ತಾನೆ. ಸಣ್ಣ ಕೆಲಸಕ್ಕೆ ಸರಿ. ತಳದ ಉದ್ದನೆಯ ಹಲಗೆಗೆ ಬೇಡ, ಕೊನೆಯ ಸ್ಕ್ರೂ ತಲುಪುವ ಮೊದಲೇ ಮೊದಲ ತುದಿಯಲ್ಲಿ ಕೆನೆ ಕಟ್ಟಿರುತ್ತದೆ.

ಈಗ ಹಾಕಬಾರದ ಕಡೆ. ತಳ ಒಂದೇ ಪದರದ್ದಾಗಿ, ಹಲಗೆಗಳ ಸಂದಿಗೆ ಹತ್ತಿ ಹೊಡೆದು ಪುಟ್ಟಿ ತುಂಬಿದ ಹಳೆಯ ಪದ್ಧತಿಯದ್ದಾದರೆ 5200 ಅದರ ಶತ್ರು. 150 ಮಿ.ಮೀ. ಅಗಲದ ಹಲಗೆ ಒಣಗಿದ ಸ್ಥಿತಿಯಿಂದ ನೀರಲ್ಲಿ ನೆನೆದ ಸ್ಥಿತಿಗೆ ಹೋಗುವಾಗ ಅಗಲದಲ್ಲಿ 3 ಮಿ.ಮೀ. ದಾಟಿಯೂ ಉಬ್ಬಬಹುದು. ಮೆತ್ತನೆ ಪುಟ್ಟಿ ಆಗ ಹೊರಗೆ ಹಿಂಡಿ ಬರುತ್ತದೆ, ಕೆರೆದು ತೆಗೆದರಾಯಿತು. ರಬ್ಬರನ್ನು ಬಗ್ಗಿಸಬಹುದು, ಎಳೆಯಬಹುದು, ಆದರೆ ಎರಡು ಕಡೆ ಅಂಟಿಕೊಂಡು ಸಂದು ತುಂಬಿ ಕೂತದ್ದನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ. ಹಲಗೆಗೆ ಹೋಗಲು ಜಾಗವಿಲ್ಲ, ಅದು ಫ್ರೇಮನ್ನು ತಳ್ಳುತ್ತದೆ. ಸ್ಕ್ರೂ ಕೀಳುತ್ತದೆ, ಹಳೆಯ ಓಕ್ ಫ್ರೇಮ್ ಸೀಳುತ್ತದೆ. ಸೋರುತ್ತದೆಂದು ಒಣ ದೋಣಿಯ ಸಂದಿಗೆಲ್ಲ 5200 ತುಂಬಿ ನೀರಿಗಿಳಿಸಿದವರಿಗೆ ಎರಡನೇ ವರ್ಷ ಸಿಗುವ ಬಹುಮಾನ ಇದು. ಇಂಥ ತಳಕ್ಕೆ ಸಂದಿಗೆ ಕೆಂಪು ಸೀಸದ ಪ್ರೈಮರ್, ಕೊಡತಿಯಲ್ಲಿ ಹದವಾಗಿ ಹೊಡೆದ ಹತ್ತಿ, ಮೇಲೆ ಸೀಮ್ ಕಾಂಪೌಂಡ್ ಎಂಬ ಮೆತ್ತನೆಯ ಸಂದು ಪುಟ್ಟಿ. ಅದಕ್ಕಿಂತ ಒಳ್ಳೆಯದನ್ನು ಯಾವ ಟ್ಯೂಬೂ ಕೊಡುವುದಿಲ್ಲ.

ತೇಗದ ಡೆಕ್ಕಿನ ಸಂದಿಗೂ ಬೇಡ, 3ಎಂ ತಾನೇ ಬೇಡ ಎನ್ನುತ್ತದೆ. ತೇಗ ತೊಳೆಯುವ ದ್ರಾವಣ, ಆಕ್ಸಾಲಿಕ್ ಆಸಿಡ್, ಪೆಟ್ರೋಲು ಬಹುಕಾಲ ತಾಗಿದರೆ 5200 ಮೆತ್ತಗಾಗಿ ಹೋಗುತ್ತದೆ. ಅಲ್ಲಿ ಪಾಲಿಸಲ್ಫೈಡ್ ಎಂಬ ಬೇರೆ ಜಾತಿಯ ಸೀಲೆಂಟ್ ಬೇಕು, ಬೋಟ್‌ಲೈಫ್‌ನ ಲೈಫ್-ಕಾಕ್ ಆ ಜಾತಿಯದು. ಕಿಟಕಿ ಗಾಜು, ಕ್ರೋಮ್ ಹಿಡಿಕೆ, ದೀಪ, ಹಗ್ಗ ಕಟ್ಟುವ ಕ್ಲೀಟ್ ಇವುಗಳ ಅಡಿಗೆ ಬ್ಯುಟೈಲ್ ಎಂಬ ಮೆತ್ತನೆ ರಬ್ಬರಿನ ಟೇಪು ಸಾಕು. ಐದಾರು ವರ್ಷಕ್ಕೊಮ್ಮೆ ಕ್ಲೀಟ್ ಬಿಚ್ಚಿ ಅಡಿಯ ಮರ ಕೊಳೆತಿದೆಯೇ ನೋಡಬೇಕಾದವರು, ಬಿಚ್ಚಲಾಗದ ಅಂಟು ಹಾಕುವುದು ಯಾವ ಲೆಕ್ಕ? ಬಲವಂತವಾಗಿ ಎಬ್ಬಿಸಿದರೆ ಅಂಟು ಬಿಡುವುದಿಲ್ಲ, ಮಹಾಗನಿಯ ಮೇಲ್ಪದರವೇ ಕಿತ್ತುಬರುತ್ತದೆ.

ತಳ ಕೊರೆದು ಕೂರಿಸುವ ನೀರು ಕೊಳವೆಗಳ ಫಿಟ್ಟಿಂಗ್ ಬಗ್ಗೆ ಪರಿಣತರಲ್ಲೂ ಎರಡು ಮಾತಿದೆ. ಅದೇ ಕಂಪನಿಯ 4200 ಹಿಡಿತದಲ್ಲಿ ಸುಮಾರು ಅರ್ಧ, ನೀರಿನಡಿಯ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಮುಂದೊಂದು ದಿನ ಸೀಕಾಕ್ (ಆ ಕೊಳವೆಯ ವಾಲ್ವ್) ಬದಲಿಸುವುದು ಖಂಡಿತ, ಆದ್ದರಿಂದ ನಮ್ಮ ಓಟು 4200ಕ್ಕೆ. ಯಾವುದೇ ಹಾಕಿ, ಬಿಗಿಯುವಾಗ ಒಳಗಿನ ನಟ್ಟನ್ನಷ್ಟೇ ತಿರುಗಿಸಿ. ಹೊರಗಿನ ಫಿಟ್ಟಿಂಗೇ ತಿರುಗಿದರೆ ಸುತ್ತ ಕೂತ ಸೀಲೆಂಟ್ ಉಂಗುರ ಹರಿದು ಅಲ್ಲೇ ಸೋರುತ್ತದೆ.

ಹಿಂದಿನವರು ಹಾಕಿದ 5200 ಬಿಡಿಸಲೇಬೇಕಾದರೆ ಹೀಟ್ ಗನ್‌ನಿಂದ ಲೋಹದ ಭಾಗವನ್ನು ಕಾಯಿಸುತ್ತಾ, ತೆಳು ತಂತಿಯನ್ನು ಗರಗಸದಂತೆ ಅಡಿಯಲ್ಲಿ ಆಡಿಸಿ ಕತ್ತರಿಸಬೇಕು. ಹಳೆಯ ಬಣ್ಣ ಹೊಗೆಯಾಡುವಷ್ಟು ಕಾಯಿಸಬೇಡಿ, ಸೀಸದ ಹೊಗೆ ಅದು. ಇದಕ್ಕೆಂದೇ ಮಾರುವ ದ್ರಾವಣಗಳಿವೆ, ಅಂಚು ಎಬ್ಬಿಸಿ ಕೊಟ್ಟರಷ್ಟೇ ಅವು ಒಳಗಿಳಿಯುತ್ತವೆ.

ಕೊಳ್ಳುವಾಗ ಟ್ಯೂಬಿನ ಮೇಲಿನ ಅವಧಿ ನೋಡಿ, ಒತ್ತಿ ನೋಡಿ. ಒಳಗೆ ಗಡುಸಾಗಿದ್ದರೆ ಬಿಡಿ. ಬಣ್ಣ ಬಳಿಯುವ ಕಡೆ ಬಿಳಿಯದು ನಡೆಯುತ್ತದೆ, ವಾರ್ನಿಷ್ ಮಾಡುವ ಕಡೆ ಮಹಾಗನಿ ಬಣ್ಣದ್ದೇ ತೆಗೆದುಕೊಳ್ಳಿ, ಬಿಳಿ ಎಳೆ ಬಿಸಿಲಿಗೆ ಹಳದಿಯಾಗಿ ಹಲ್ಲಿನ ಕೊಳೆಯಂತೆ ಕಾಣುತ್ತದೆ. ಹಸಿ ಸೀಲೆಂಟಿನಲ್ಲಿ ಐಸೊಸಯನೇಟ್ ಎಂಬ ಹಾನಿಕರ ರಾಸಾಯನಿಕ ಇರುವುದರಿಂದ ಕೈಗವಸು ಹಾಕಿ, ಗಾಳಿಯಾಡುವಂತೆ ನೋಡಿಕೊಳ್ಳಿ. ಉಳಿದ ಟ್ಯೂಬಿನ ಮೂತಿಗೆ ಉದ್ದನೆ ಸ್ಕ್ರೂ ತುರುಕಿ ಮೇಲೆ ಟೇಪು ಸುತ್ತಿಟ್ಟರೆ ಕೆಲವು ದಿನ ತಡೆಯಬಹುದು, ಒಂದು ತಿಂಗಳ ನಂತರಕ್ಕೆ ಅದನ್ನು ನಂಬಿಕೊಂಡು ಕೆಲಸ ಶುರು ಮಾಡಬೇಡಿ.