ಇನ್ನೂರು ರೂಪಾಯಿಯ ಮಸೆಗಲ್ಲು: ಚಾಕುವಿಗೆ ಸಾಕು, ಕಲ್ಲಿಗೇ ಆರೈಕೆ ಬೇಕು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ ಕಾರ್ಬೊರಂಡಮ್ ಕಲ್ಲು. ಒಂದು ಬದಿ ಒರಟು, ಇನ್ನೊಂದು ಬದಿ ನಯ. 8 ಇಂಚು ಉದ್ದ, 2 ಇಂಚು ಅಗಲ. ಡಬ್ಬದ ಮೇಲಿನ ಉಳಿದ ವಿವರ ನೀವೇ ಓದಿರುತ್ತೀರಿ. ನಾನು ಕೊಟ್ಟದ್ದು ಇನ್ನೂರರ ಆಸುಪಾಸು, ಕೆಲವು ವರ್ಷದಿಂದ ಬಳಸುತ್ತಿದ್ದೇನೆ. ಚಾಕು ಹರಿತ ಆಗುತ್ತದೆಯೇ ಅಂದರೆ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಈ ಕಲ್ಲು ಬಳಸುತ್ತಾ ಬಳಸುತ್ತಾ ನಡುವೆ ತಗ್ಗು ಬೀಳುತ್ತದೆ. ಅಂಗಡಿಯವರೂ ಅದನ್ನು ಹೇಳುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ.

ಅದಕ್ಕೆ ಬರುವ ಮುಂಚೆ ನಮ್ಮ ಮನೆಯ ಅಡುಗೆ ಎಂಥದ್ದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಅಭಿಪ್ರಾಯವೆಲ್ಲ ಅದರ ಮೇಲೇ ನಿಂತಿದೆ. ನಮ್ಮದು ಬೀನ್ಸ್ ಪಲ್ಯ, ಎಲೆಕೋಸಿನ ಪಲ್ಯ, ಸೌತೆಕಾಯಿ ಕೋಸಂಬರಿಯ ಮನೆ. ಮಾಂಸ, ಮೀನು ಇಲ್ಲ. ಬೆಳಿಗ್ಗೆ ಡಬ್ಬಿ ಕಟ್ಟುವ ಹೊತ್ತಿಗೆ ಸಣ್ಣಗೆ, ಬೇಗ ಹೆಚ್ಚಬೇಕು. ಹೆಚ್ಚುವುದು ನಾನೇ. ಚಾಕು ಮೊಂಡಾಗಿದ್ದರೆ ಟೊಮೆಟೊ ಹಿಸುಕಿ ರಸ ಹಲಗೆಯ ಮೇಲೆಲ್ಲ ಹರಿಯುತ್ತದೆ, ಈರುಳ್ಳಿ ಜಜ್ಜಿದ ಹಾಗಾಗಿ ಕಣ್ಣಲ್ಲಿ ನೀರು. ಈರುಳ್ಳಿಯ ವಿಷಯದಲ್ಲಿ ಇದು ಉತ್ಪ್ರೇಕ್ಷೆಯಲ್ಲ. ಕೋಶಗಳು ಎಷ್ಟು ಜಜ್ಜಿಹೋಗುತ್ತವೋ ಅಷ್ಟು ಕಣ್ಣುರಿ. ಹರಿತ ಚಾಕು ಜಜ್ಜದೆ ಕೊಯ್ಯುತ್ತದೆ.

ಕಲ್ಲಿಗಿಂತ ಮುಂಚೆ ಎರಡು ದಾರಿ ನೋಡಿಯಾಗಿತ್ತು. ಒಂದು, ಅಡುಗೆಮನೆ ಸಾಮಾನಿನ ಅಂಗಡಿಯಲ್ಲಿ ಸಿಗುವ, ಎರಡು ಸೀಳಿರುವ ಪ್ಲಾಸ್ಟಿಕ್ ಹಿಡಿಯ ಶಾರ್ಪನರ್. ಸೀಳಿನೊಳಗೆ ಚಾಕು ಇಟ್ಟು ಎಳೆಯುವುದು. ಕಂಪನಿಯ ಹೆಸರು ಬೇಡ, ಹೆಚ್ಚುಕಡಿಮೆ ಎಲ್ಲವೂ ಒಂದೇ ಜಾತಿ. ಒಳಗೆ ಎರಡು ಗಟ್ಟಿ ಲೋಹದ ತುಂಡುಗಳು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕೂತಿರುತ್ತವೆ, ಚಾಕುವಿನ ಬಾಯನ್ನು ಅವು ಕೆರೆದು ತೆಗೆಯುತ್ತವೆ. ಮೊದಲ ದಿನ ಭೇಷ್ ಅನ್ನಿಸುತ್ತದೆ. ವಾರ ಕಳೆಯುವುದರೊಳಗೆ ಮತ್ತೆ ಮೊಂಡು, ಮತ್ತೆ ಎಳೆತ. ಹೀಗೆ ಎಳೆದೂ ಎಳೆದೂ ನನ್ನ ಒಳ್ಳೆಯ ಚಾಕುವಿನ ಬಾಯಿ ಗರಗಸದ ಥರ ಆಗಿತ್ತು.

ಎರಡನೆಯದು ಸೈಕಲ್ ಮೇಲೆ ಸಾಣೆಚಕ್ರ ಕಟ್ಟಿಕೊಂಡು ಬೀದಿಗೆ ಬರುವವರು. ಮಚ್ಚು, ಕುಡುಗೋಲು, ದರ್ಜಿಯ ಕತ್ತರಿ ಇವಕ್ಕೆ ಇವತ್ತಿಗೂ ಅವರೇ ಸರಿ. ತೆಳು ಚಾಕುವಿಗೆ ಆ ಚಕ್ರದ ವೇಗ ಜಾಸ್ತಿ. ಬಿಸಿ ಏರಿ ಬಾಯಂಚು ನೀಲಿ ತಿರುಗಿದರೆ, ಕುಲುಮೆಯಲ್ಲಿ ಹಾಕಿದ ಹದ ಅಲ್ಲಿಗೆ ಹೋಯಿತು ಅಂತಲೇ ಲೆಕ್ಕ. ಆ ಜಾಗ ಮೆತ್ತಗಾಗಿ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಇನ್ನೊಂದು ತೊಂದರೆ, ಚಕ್ರಕ್ಕೆ ಒಂದೇ ಕಡೆ ಹೆಚ್ಚು ಒತ್ತಿದರೆ ಚಾಕುವಿನ ಬಾಯಿ ನಡುವೆ ಒಳಗೆ ಸರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೀನ್ಸ್ ಹೆಚ್ಚಿದಾಗ ಗೊತ್ತಾಗುತ್ತದೆ. ಬಾಯಿ ಪೂರ್ತಿ ಹಲಗೆಗೆ ತಾಗದೆ ಹೋಳುಗಳೆಲ್ಲ ಒಂದೊಂದು ನಾರಿನಲ್ಲಿ ಜೋತುಕೊಂಡು ಸರದ ಹಾಗೆ ಮೇಲೆದ್ದು ಬರುತ್ತವೆ. ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಅವನ್ನು ಬಿಡಿಸುತ್ತಾ ಕೂರುವ ಕರ್ಮ ಯಾರಿಗೂ ಬೇಡ.

ಈಗ ಕಲ್ಲು. ಭಾನುವಾರ ಕಾಫಿ ಆದ ಮೇಲೆ ಇದರ ಕೆಲಸ. ಹಳೇ ಐಸ್‌ಕ್ರೀಮ್ ಡಬ್ಬದಲ್ಲಿ ನೀರು ತುಂಬಿ ಕಲ್ಲು ಮುಳುಗಿಸುತ್ತೇನೆ. ಗುಳುಗುಳು ಅಂತ ಗುಳ್ಳೆ ಏಳುತ್ತವೆ, ಅವು ನಿಂತರೆ ಕಲ್ಲು ಸಾಕಷ್ಟು ನೀರು ಕುಡಿದಿದೆ ಅಂತ. ಡಬ್ಬದ ಜೊತೆ ಬರುವ ಪ್ಲಾಸ್ಟಿಕ್ ತಟ್ಟೆ ಗ್ರಾನೈಟ್ ಮೇಲೆ ಜಾರುತ್ತದೆ, ಅದನ್ನು ಎಸೆದರೂ ನಷ್ಟವಿಲ್ಲ. ಹಳೇ ಪಂಚೆಯ ತುಂಡು ಒದ್ದೆ ಮಾಡಿ, ಹಿಂಡಿ, ಮಡಿಸಿ ಅದರ ಮೇಲೆ ಕಲ್ಲು ಇಟ್ಟರೆ ಅಲ್ಲಾಡುವುದಿಲ್ಲ. ಕೆಲವರು ಎಣ್ಣೆ ಹಾಕುತ್ತಾರೆ. ಹಾಕಬಹುದು, ಆದರೆ ಒಮ್ಮೆ ಎಣ್ಣೆ ಕುಡಿದ ಕಲ್ಲು ಮತ್ತೆ ನೀರಿಗೆ ಬಗ್ಗುವುದಿಲ್ಲ. ಕೈಗೆ ಸಿಕ್ಕಿತು ಅಂತ ಕೊಬ್ಬರಿ ಎಣ್ಣೆಯನ್ನಂತೂ ಸುರಿಯಬೇಡಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಸಣ್ಣ ತೂತುಗಳೆಲ್ಲ ಮುಚ್ಚಿಹೋಗುತ್ತವೆ, ಆಮೇಲೆ ಮುಗ್ಗಲು ವಾಸನೆ ಬೇರೆ.

ಎಲ್ಲರೂ ಹೆದರುವುದು ಕೋನಕ್ಕೆ. 15ರಿಂದ 20 ಡಿಗ್ರಿ ಅಂತ ಎಲ್ಲ ಕಡೆ ಹೇಳುತ್ತಾರೆ, ಅಡುಗೆಮನೆಯಲ್ಲಿ ಕೋನಮಾಪಕ ಇಟ್ಟುಕೊಂಡವರು ಯಾರು? ಸುಲಭದ ಲೆಕ್ಕ ಹೀಗಿದೆ: ಚಾಕುವಿನ ಅಲಗು 3 ಸೆಂಟಿಮೀಟರ್ ಅಗಲವಿದ್ದರೆ, ಅದರ ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರ್ ಎತ್ತಿ ಹಿಡಿಯಿರಿ. ಅಂದರೆ ಅಗಲದ ಮೂರನೇ ಒಂದು ಪಾಲು. ಅದು 20 ಡಿಗ್ರಿಗೆ ಒಂದು ಕೂದಲೆಳೆ ಕಡಿಮೆ. ನಾಲ್ಕನೇ ಒಂದು ಪಾಲು ಎತ್ತಿದರೆ 15ಕ್ಕಿಂತ ತುಸು ಕಡಿಮೆ. ನಮ್ಮ ಅಂಗಡಿಗಳ ಸಾಮಾನ್ಯ ಸ್ಟೀಲ್ ಚಾಕುವಿಗೆ ಮೂರನೇ ಒಂದೇ ಸರಿ. ಅದಕ್ಕಿಂತ ಚೂಪು ಮಾಡಿದರೆ ಆ ಮೆತ್ತನೆ ಸ್ಟೀಲ್ ತಡೆಯುವುದಿಲ್ಲ, ಕುಂಬಳಕಾಯಿಯ ಸಿಪ್ಪೆ ತಾಗಿದರೂ ಬಾಯಿ ಮಡಚಿಕೊಳ್ಳುತ್ತದೆ. ಅರ್ಧ ಡಿಗ್ರಿ ಆಚೀಚೆ ಆದರೆ ಏನೂ ಮುಳುಗುವುದಿಲ್ಲ, ಮೊದಲ ಎಳೆತದಿಂದ ಕೊನೆಯ ಎಳೆತದವರೆಗೆ ಅದೇ ಎತ್ತರ ಇರಬೇಕು, ಅಷ್ಟೇ.

ಒರಟು ಬದಿಯಲ್ಲಿ ಮಸೆಯಲು ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಬೂದು ಕೆಸರು ಏಳುತ್ತದೆ. ಅದನ್ನು ತೊಳೆದುಬಿಡಬೇಡಿ, ಅದೂ ಮಸೆಯುವ ಕೆಲಸ ಮಾಡುತ್ತಿರುತ್ತದೆ. ಒಂದು ಬದಿ ಸಾಕಷ್ಟು ಮಸೆದಾಯಿತೇ ಅಂತ ತಿಳಿಯಲು ನನಗೆ ಗೊತ್ತಿರುವುದು ಒಂದೇ ಪರೀಕ್ಷೆ. ಹೆಬ್ಬೆರಳನ್ನು ಅಲಗಿನ ಇನ್ನೊಂದು ಬದಿಯಲ್ಲಿ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ಹೊರಕ್ಕೆ ಜಾರಿಸಿ. ಬಾಯಿಯ ಉದ್ದಕ್ಕಲ್ಲ, ಉದ್ದಕ್ಕೆ ಜಾರಿಸಿದರೆ ಬೆರಳು ಹೋಯಿತು. ಅಂಚಿನಲ್ಲಿ ಏನೋ ಸಣ್ಣಗೆ ತಡೆದ ಹಾಗೆ, ಉಗುರಿನ ಮೂಲೆ ಬಟ್ಟೆಗೆ ಸಿಕ್ಕಿದ ಹಾಗೆ ಆಗಬೇಕು. ಮಸೆದ ಬದಿಯ ಲೋಹ ತುದಿ ದಾಟಿ ಈಚೆಗೆ ಮಗುಚಿಕೊಂಡಿದೆ ಅಂತ ಅರ್ಥ. ಹಿಡಿಯ ಬುಡದಿಂದ ಮೂತಿಯವರೆಗೆ ಅದು ಸಿಗುವ ತನಕ ಚಾಕು ತಿರುಗಿಸಬಾರದು. ಇಷ್ಟನ್ನು ಯಾರಾದರೂ ಮೊದಲೇ ಹೇಳಿದರೆ ಕಲಿಯುವ ಕಷ್ಟ ಅರ್ಧಕ್ಕರ್ಧ ಕಡಿಮೆ. ಎರಡೂ ಬದಿ ಆದ ಮೇಲೆ ನಯ ಬದಿಯಲ್ಲಿ ಕೈ ಹಗುರ ಮಾಡಿ ಮತ್ತೆ ಅದೇ ಕೆಲಸ. ಆಗ ಸದ್ದು ಬದಲಾಗುತ್ತದೆ, ಕರಕರ ಅನ್ನುತ್ತಿದ್ದದ್ದು ಸರಸರ ಅನ್ನುತ್ತದೆ. ಕೊನೆಗೆ ನಿನ್ನೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿನ ಮೇಲೆ ಹಾಸಿ, ಬಾಯಿ ಹಿಂದಾಗಿ ಅಲಗನ್ನು ಕೆಲವು ಸಲ ಸವರುತ್ತೇನೆ. ಅಂಚಿನಲ್ಲಿ ಮಗುಚಿಕೊಂಡ ಲೋಹದ ಎಳೆ ಉಳಿದಿದ್ದರೆ ಅಲ್ಲಿ ಉದುರುತ್ತದೆ. ಭಾನುವಾರದ ಪುರವಣಿಗೆ ನಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ.

ಈ ಕಲ್ಲಿನ ನಯ ಬದಿ ನಿಜವಾಗಿ ಅಷ್ಟೇನೂ ನಯವಲ್ಲ. ಜಪಾನಿ ಕಲ್ಲುಗಳಲ್ಲಿ 1000 ನಂಬರಿನದು ದಿನಬಳಕೆಗೆ, 3000ದಿಂದ ಮೇಲಿನದು ಹೊಳಪಿಗೆ. ನಂಬರ್ ಹೆಚ್ಚಿದಷ್ಟೂ ಕಣ ಸಣ್ಣದು. ನಮ್ಮ ಹಾರ್ಡ್‌ವೇರ್ ಅಂಗಡಿಯ ಕಲ್ಲು ಆ ಮಟ್ಟಕ್ಕೆ ಬರುವುದಿಲ್ಲ. ತಮಾಷೆ ಅಂದರೆ ಟೊಮೆಟೊಗೆ ಇದೇ ವಾಸಿ. ತುಂಬಾ ನುಣುಪಾದ ಅಂಚು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, ಸ್ವಲ್ಪ ಒರಟಿರುವ ಅಂಚು ಕಚ್ಚಿಕೊಳ್ಳುತ್ತದೆ. ಗಾಳಿಯಲ್ಲಿ ಕಾಗದ ಸೀಳುವ ವಿಡಿಯೊ ಮಾಡುವವರಿಗೆ ಬೇರೆ ಕಲ್ಲು ಬೇಕಾದೀತು, ಸಾರಿಗೆ ಟೊಮೆಟೊ ಹೆಚ್ಚುವವರಿಗೆ ಬೇಡ.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ತಗ್ಗಿನ ಕಥೆ.

ಕಾರ್ಬೊರಂಡಮ್ ಅಂದರೆ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟಾಗ ಕೈಗೆ ಸಿಕ್ಕ ವಸ್ತು ಇದು. ಗಡಸುತನದಲ್ಲಿ ವಜ್ರಕ್ಕೆ 10 ಅಂಕ ಕೊಟ್ಟರೆ ಇದಕ್ಕೆ 9ರ ಮೇಲೆ. ಹಾಗಿದ್ದ ಮೇಲೆ ಸ್ಟೀಲ್ ಉಜ್ಜಿದರೆ ಇದು ಹೇಗೆ ಸವೆಯುತ್ತದೆ? ಕಣ ಸವೆಯುವುದಕ್ಕಿಂತ ಹೆಚ್ಚಾಗಿ, ಕಣಗಳನ್ನು ಹಿಡಿದಿಟ್ಟಿರುವ ಅಂಟು ಬಿಡುತ್ತದೆ. ಮೊಂಡಾದ ಕಣ ಉದುರಿದರೆ ತಾನೇ ಕೆಳಗಿನ ಹೊಸ ಕಣ ಮೇಲೆ ಬರುವುದು, ಹಾಗಾಗಿ ಉದುರಲೇಬೇಕು. ಆದರೆ ನಾವೆಲ್ಲ ಮಸೆಯುವುದು ನಡುಭಾಗದಲ್ಲಿ. ಎರಡು ತುದಿ ಎತ್ತರ ಉಳಿದು ನಡು ಇಳಿಯುತ್ತದೆ. ಅಂಥ ಕಲ್ಲಿನ ಮೇಲೆ ನಿಮ್ಮ ಕೈ ಎಷ್ಟೇ ಗಟ್ಟಿಯಿದ್ದರೂ, ಚಾಕು ತುದಿಯಿಂದ ನಡುವಿಗೆ ಇಳಿದು ಮತ್ತೆ ಏರುವಾಗ ಕೋನ ತಾನಾಗಿ ಬದಲಾಗುತ್ತದೆ. ಚೂಪಾಗಬೇಕಾದ ಅಂಚು ಗುಂಡಗಾಗುತ್ತದೆ. ಕಷ್ಟಪಟ್ಟು ಮಸೆದಷ್ಟೂ ಮೊಂಡು. ಕೈಯನ್ನು ಬೈದುಕೊಳ್ಳುವ ಬದಲು ಸ್ಟೀಲ್ ಸ್ಕೇಲನ್ನು ಕಲ್ಲಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ, ಕೆಳಗಿನಿಂದ ಬೆಳಕು ತೂರಿ ಬರುತ್ತದೆ.

ಮಟ್ಟ ಮಾಡುವುದು ಹೀಗೆ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ಗ್ರಾನೈಟ್ ಮೇಲೆ ಒರಟು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ, ನೀರು ಹಾಕಿ, ಕಲ್ಲನ್ನು ಮಗುಚಿ ಉಜ್ಜಬೇಕು. ತುದಿಯ ಗೆರೆಗಳು ಮೊದಲು ಅಳಿಯುತ್ತವೆ, ನಡುವಿನವು ಕೊನೆಗೆ. ಎಲ್ಲ ಅಳಿದರೆ ಮಟ್ಟ. ಹೇಳಲು ಚೆಂದ, ಈ ಗಡಸು ಕಲ್ಲಿನ ಮುಂದೆ ವಾಟರ್ ಪೇಪರ್ ಬೇಗ ಸೋಲುತ್ತದೆ. ಈಗ ನಾನು ಹಿತ್ತಿಲಿನ ಸಿಮೆಂಟ್ ನೆಲದ ಮೇಲೆ ಒಂದು ಹಿಡಿ ಮರಳು, ನೀರು ಹಾಕಿ ಉಜ್ಜುತ್ತೇನೆ. ನಿಧಾನ, ಕೈ ನೋಯುತ್ತದೆ, ಆದರೆ ಖರ್ಚಿಲ್ಲ. ಮಸೆಯುವಾಗ ಕಲ್ಲಿನ ಪೂರ್ತಿ ಉದ್ದ ಬಳಸಿ, ಆಗಾಗ ತುದಿ ಅದಲುಬದಲು ಮಾಡಿಕೊಂಡರೆ ಈ ಪಾಡು ತಡವಾಗಿ ಬರುತ್ತದೆ. ಇದನ್ನು ಡಬ್ಬದೊಳಗೆ ಒಂದು ಚೀಟಿಯಲ್ಲಿ ಬರೆದು ಹಾಕಿದ್ದರೆ ತಯಾರಿಸುವವರ ಗಂಟೇನೂ ಹೋಗುತ್ತಿರಲಿಲ್ಲ.

ಈ ಸಿಟ್ಟಿನಲ್ಲಿ ಕಲ್ಲನ್ನು ಮೂಲೆಗೆ ಹಾಕಿದ್ದವನನ್ನು ಮತ್ತೆ ಅದರತ್ತ ತಿರುಗಿಸಿದ್ದು ಅಮ್ಮನ ಮೆಟ್ಟುಕತ್ತಿ. ಮೈಸೂರು ಕಡೆಯವರು ಈಳಿಗೆಮಣೆ ಅನ್ನಿ. ಊರಿನ ಕುಲುಮೆಯಲ್ಲಿ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ್ದು. ಬಾಳೆಹೂವು, ಹಲಸಿನಕಾಯಿ ಕೊಯ್ದು ಕೊಯ್ದು ಕಪ್ಪಾಗಿದೆ, ಆ ಕಾಯಿಗಳ ಒಗರು ಕಬ್ಬಿಣಕ್ಕೆ ಹಿಡಿದ ಕಪ್ಪು ಅದು. ಇದರ ಮಸೆತ ತಿರುವುಮುರುವು. ಅಲಗು ಮಣೆಗೆ ಕೂತಿರುವುದರಿಂದ ಕಲ್ಲೇ ಅಲಗಿನ ಹತ್ತಿರ ಹೋಗಬೇಕು. ಮಣೆಯನ್ನು ಕಾಲಲ್ಲಿ ಮೆಟ್ಟಿ, ಒದ್ದೆ ಕಲ್ಲನ್ನು ಕೈಯಲ್ಲಿ ಹಿಡಿದು, ಬುಡದಿಂದ ತುದಿಗೆ ಬಾಗಿನ ಗುಂಟ ಸವರಬೇಕು. ಬೆರಳುಗಳು ಕಲ್ಲಿನ ಬೆನ್ನ ಮೇಲಿರಲಿ, ಅಂಚು ದಾಟಿ ಕೆಳಗೆ ಜೋತಿರಬಾರದು. ತುದಿಯಲ್ಲಿ ಕಾಯಿ ತುರಿಯುವ ಹಲ್ಲಿದ್ದರೆ ಅದಕ್ಕಿಂತ ಸ್ವಲ್ಪ ಹಿಂದೆಯೇ ನಿಲ್ಲಿಸಿ.

ನಾನು ಹಾಗೆ ಕೂತು ಮಸೆಯುವಾಗ ಅಮ್ಮ, “ಎಂತದಾ ಮಾರಾಯ, ಬೆಳಿಗ್ಗೆ ಬೆಳಿಗ್ಗೆ ಯಾರ ಮೇಲೆ ಕತ್ತಿ ಮಸೀತಿದ್ದಿ?” ಅಂದರು. ಅವರಿಗೆ ಗೊತ್ತಿರುವ ಸಾಧನ ಬೇರೆ. ತೋಟದ ಕತ್ತಿಗೆ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಉಜ್ಜುವುದನ್ನು ನೋಡಿ ಬೆಳೆದವರು. ಆಮೇಲೆ ಒಂದು ಬಾಳೆಹೂವು ತಂದು ಕೂತರು. ಎಸಳು ತೆಗೆದು ಒಳಗಿನ ಬಿಳಿ ಮೊಗ್ಗನ್ನು ಅಲಗಿಗೆ ಒಡ್ಡಿದರೆ ಒತ್ತುವ ಮಾತೇ ಇಲ್ಲ, ದೂಡಿದಷ್ಟೂ ದಾರದ ಹಾಗೆ ಸಣ್ಣ ಎಳೆಗಳು ಮಜ್ಜಿಗೆ ನೀರಿನ ಪಾತ್ರೆಗೆ ಬೀಳುತ್ತಿದ್ದವು. ಅಂಗಡಿಯ ಸ್ಟೀಲ್ ಚಾಕುವಿನಲ್ಲಿ ಇಷ್ಟು ಮಸೆದರೂ ಈ ಸುಖ ಸಿಕ್ಕಿರಲಿಲ್ಲ. ಆ ಪಟ್ಟಿಯ ಉಕ್ಕು ಒಳ್ಳೆಯದು, ಕಮ್ಮಾರ ಹಾಕಿದ ಹದ ಒಳ್ಳೆಯದು, ಕಲ್ಲಿಗೆ ಬೇಗ ಬಗ್ಗುತ್ತದೆ, ಹರಿತವನ್ನು ತುಂಬಾ ದಿನ ಹಿಡಿದಿಟ್ಟುಕೊಳ್ಳುತ್ತದೆ. ಮಸೆದ ಮೇಲೆ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬೇಕು (ಅಲಗಿಗೆ, ಕಲ್ಲಿಗಲ್ಲ). ಇಲ್ಲದಿದ್ದರೆ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು.

ಇದರಿಂದ ಆಗದ ಕೆಲಸಗಳೂ ಇವೆ. ತುರಿಮಣೆಯ ಹಲ್ಲಿಗೆ ಮೂರು ಮೂಲೆಯ ಸಣ್ಣ ಅರ ಬೇಕು, ಹಲ್ಲಿನ ಸಂದಿಗೆ ಕಲ್ಲು ಇಳಿಯುವುದಿಲ್ಲ. ಕತ್ತರಿಯಲ್ಲಿ ಹೊರಗಿನ ಇಳಿಜಾರು ಮಾತ್ರ ಮಸೆಯಬೇಕು, ಎರಡು ಅಲಗು ಒಂದಕ್ಕೊಂದು ತಾಗುವ ಒಳಬದಿ ಮುಟ್ಟಿದರೆ ಬಟ್ಟೆ ಕತ್ತರಿಸದೆ ಮಡಚುತ್ತದೆ. ಮಿಕ್ಸಿಯ ಬ್ಲೇಡಿಗೆ ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತ ಆಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ, ಉಪ್ಪು ಸ್ಟೀಲಿಗಿಂತ ಎಷ್ಟೋ ಮೆದು. ಜಾರ್ ಚೊಕ್ಕಟ ಆಗುತ್ತದೆ, ಅಷ್ಟು ಒಪ್ಪಬಹುದು. ಚಾಕು ಸೆಟ್ಟಿನ ಜೊತೆ ಬರುವ ಉದ್ದನೆ ಸ್ಟೀಲ್ ಕಡ್ಡಿ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆಯೇ ಹೊರತು ಪೂರ್ತಿ ಮೊಂಡಾದ ಚಾಕುವಿಗೆ ಹೊಸ ಬಾಯಿ ಕೊಡುವುದಿಲ್ಲ. ನೆಂಟರ ಮನೆಯಲ್ಲಿ ತುರ್ತು ಬಂದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಹೊಳಪಿಲ್ಲದ ಉಂಗುರದ ಮೇಲೆ ಚಾಕು ಉಜ್ಜಿ. ಅವತ್ತಿನ ಪಲ್ಯಕ್ಕೆ ಸಾಕಾಗುವಷ್ಟು ಹರಿತ ಬಂದೇ ಬರುತ್ತದೆ, ನೆಂಟರು ಒಂಥರಾ ನೋಡುತ್ತಾರೆ.

ಸಾವಿರಗಟ್ಟಲೆ ಕೊಟ್ಟು ಜಪಾನಿ ಕಲ್ಲು ತರಬೇಕೇ? ಅಂಥ ಗಡಸು ಚಾಕು ನಿಮ್ಮಲ್ಲಿದ್ದರೆ ತನ್ನಿ. ನನ್ನಲ್ಲಿಲ್ಲ, ಹಾಗಾಗಿ ಬೇಡ. ಆ ದುಡ್ಡಿನಲ್ಲಿ ಕಮ್ಮಾರರ ಹತ್ತಿರ ಒಂದು ಒಳ್ಳೆಯ ಮೆಟ್ಟುಕತ್ತಿ ಮಾಡಿಸಿಕೊಂಡು, ಜೊತೆಗೆ ಈ ಕಲ್ಲನ್ನೇ ಇಟ್ಟುಕೊಳ್ಳುವುದು ವಾಸಿ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಜಾರುವ ತಟ್ಟೆಗೆ ಅರ್ಧ, ತಗ್ಗಿನ ಬಗ್ಗೆ ಬಾಯಿಬಿಡದ್ದಕ್ಕೆ ಪೂರ್ತಿ ಒಂದು ಕಳೆದಿದ್ದೇನೆ. ಕೊಳ್ಳುವಾಗ ಅಂಗಡಿಯಲ್ಲೇ ಎರಡು ಕಲ್ಲು ತೆಗೆಸಿ ಒಂದರ ಮೇಲೊಂದು ಇಟ್ಟು ನೋಡಿ. ನಡುವೆ ಸಂದು ಕಂಡರೆ ಬೇರೆ ಜೋಡಿ ಕೇಳಿ, ಹೊಸದರಲ್ಲೂ ಸೊಟ್ಟ ಇರುತ್ತವೆ.