ಒಂಬತ್ತು ಚೌಕ, ನೂರು ಸಂದರ್ಶನ: ಲೀನ್ ಲಾಂಚ್‌ಪ್ಯಾಡ್ ಕೋರ್ಸ್ ನಮ್ಮ ಕಾಲೇಜಿಗೆ ಒಗ್ಗುತ್ತದೆಯೇ?

ಉದ್ಯಮಶೀಲತೆಯ ಪೇಪರ್ ಅಂದರೆ ಬಹಳಷ್ಟು ಪದವಿ ಕಾಲೇಜುಗಳಲ್ಲಿ ಇವತ್ತಿಗೂ ಒಂದು ಸ್ಪೈರಲ್ ಬೈಂಡಿಂಗ್ ರಿಪೋರ್ಟ್. ಐದು ವರ್ಷದ ಲಾಭ-ನಷ್ಟದ ಅಂದಾಜು, ಎರಡು ಪೈ ಚಾರ್ಟ್, ಕೊನೆಗೊಂದು ಸ್ವಾಟ್ ಅನಾಲಿಸಿಸ್. ಬರೆದ ನಾಲ್ವರಲ್ಲಿ ಯಾರೊಬ್ಬರೂ ಒಬ್ಬ ಗಿರಾಕಿಯ ಮುಖ ನೋಡಿರುವುದಿಲ್ಲ. ಲೀನ್ ಲಾಂಚ್‌ಪ್ಯಾಡ್ ಎಂಬ ಉದ್ಯಮಶೀಲತೆಯ ಕೋರ್ಸ್ ಹುಟ್ಟಿದ್ದೇ ಈ ರಿಪೋರ್ಟ್ ಸಂಸ್ಕೃತಿಯ ವಿರುದ್ಧ. ಸಿಲಿಕಾನ್ ವ್ಯಾಲಿಯ ಉದ್ಯಮಿ, ಬೋಧಕ ಸ್ಟೀವ್ ಬ್ಲ್ಯಾಂಕ್ ಇದನ್ನು 2011ರ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಎಂಜಿನಿಯರಿಂಗ್ ವಿಭಾಗದಲ್ಲಿ ಶುರುಮಾಡಿದರು. ಅದೇ ವರ್ಷ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಇದನ್ನೆತ್ತಿಕೊಂಡು ಐ-ಕೋರ್ ಹೆಸರಿನಲ್ಲಿ ಸಂಶೋಧಕರಿಗೆ ಕಲಿಸತೊಡಗಿತು. ಮೂರು ಜನರ ತಂಡ, 50,000 ಡಾಲರ್ ಅನುದಾನ, ಏಳು ವಾರ, ಗಿರಾಕಿಗಳೊಂದಿಗೆ ನೂರು ಸಂದರ್ಶನ. 2012ರಲ್ಲಿ ಇದರ ಪಾಠಗಳು ಯುಡಾಸಿಟಿ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಉಚಿತ ವಿಡಿಯೊಗಳಾಗಿ ಬಂದವು, ಬೋಧಕರ ಕೈಪಿಡಿಯೂ ಹಣವಿಲ್ಲದೆ ಸಿಗುತ್ತದೆ. ಅಂದರೆ ಸಾಮಗ್ರಿಯ ಬೆಲೆ ಸೊನ್ನೆ. ಅದನ್ನು ನಮ್ಮ ತರಗತಿಯಲ್ಲಿ ನಡೆಸಲು ಏನು ಬೇಕು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಾತ್ರ ನೋಡಬೇಕು.

ಮೊದಲು ರಚನೆ. ವ್ಯವಹಾರದ ಇಡೀ ಕಲ್ಪನೆಯನ್ನು ಒಂದೇ ಹಾಳೆಯ ಒಂಬತ್ತು ಚೌಕಗಳಲ್ಲಿ ಬರೆಯುತ್ತಾರೆ: ಗಿರಾಕಿ ಯಾರು, ಅವರಿಗೆ ಏನು ಕೊಡುತ್ತೀರಿ, ಯಾವ ದಾರಿಯಲ್ಲಿ ತಲುಪಿಸುತ್ತೀರಿ, ಅವರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೀರಿ, ಹಣ ಹೇಗೆ ಬರುತ್ತದೆ, ಬೇಕಾದ ಸಂಪನ್ಮೂಲ, ಕೆಲಸ, ಪಾಲುದಾರರು, ಖರ್ಚು. ಇದೇ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ರೂಪಿಸಿದ್ದು, ಯಾರು ಬೇಕಾದರೂ ಮುದ್ರಿಸಿ ಬಳಸಬಹುದು. ಚೌಕದಲ್ಲಿ ಬರೆದದ್ದು ಉತ್ತರವಲ್ಲ, ಊಹೆ ಎಂಬುದು ಕೋರ್ಸಿನ ಮೂಲ ನಿಯಮ. ವಾರವಾರವೂ ತಂಡ ಹೊರಗೆ ಹೋಗಿ ಊಹೆಯನ್ನು ಪರೀಕ್ಷಿಸಬೇಕು. ಬಂದು ಹತ್ತು ನಿಮಿಷದಲ್ಲಿ ನಾಲ್ಕು ವಿಷಯ ಹೇಳಬೇಕು: ಏನು ಅಂದುಕೊಂಡಿದ್ದೆವು, ಯಾರನ್ನು ಕಂಡೆವು, ಏನು ತಿಳಿಯಿತು, ಹಾಳೆಯಲ್ಲಿ ಏನು ಬದಲಾಯಿತು. ಉಪನ್ಯಾಸವನ್ನು ಮನೆಯಲ್ಲೇ ವಿಡಿಯೊದಲ್ಲಿ ನೋಡಿ ಬರಬೇಕು, ತರಗತಿಯ ಸಮಯವೆಲ್ಲ ವಿಮರ್ಶೆಗೆ.

ವಿಡಿಯೊಗಳು ಪರವಾಗಿಲ್ಲ. ಹೆಚ್ಚಿನವು ಕೆಲವೇ ನಿಮಿಷದವು, ಕೈಯಲ್ಲಿ ಗೀಚಿದ ಚಿತ್ರಗಳೊಂದಿಗೆ ಸರಾಗವಾಗಿ ಸಾಗುತ್ತವೆ. ನಡುನಡುವೆ ಬರುವ ಪ್ರಶ್ನೆಗಳು ಮಾತ್ರ ಸಪ್ಪೆ, ಪಾಠ ನೋಡದವನೂ ಉತ್ತರಿಸಬಲ್ಲ. ಗಿರಾಕಿ ಮತ್ತು ಮೌಲ್ಯದ ಪಾಠಗಳು ಚೆನ್ನಾಗಿವೆ. ಪಾಲುದಾರರು, ಸಂಪನ್ಮೂಲದ ಪಾಠಗಳನ್ನು ಹಾರಿಸಿದರೂ ನಷ್ಟವಿಲ್ಲ. ಮಾರಾಟದ ದಾರಿಯ ಪಾಠ ಪೂರ್ತಿ ಅಮೆರಿಕದ್ದು, ಕಿರಾಣಿ ಅಂಗಡಿ, ಊರಿನ ಡಿಸ್ಟ್ರಿಬ್ಯೂಟರ್, ಸಂತೆ ಯಾವುದೂ ಅದರಲ್ಲಿಲ್ಲ. ಇಂಗ್ಲಿಷ್ ವೇಗವೂ ಕನ್ನಡ ಮಾಧ್ಯಮದಿಂದ ಬಂದ ಬಿ.ಕಾಂ. ವಿದ್ಯಾರ್ಥಿಗೆ ತೊಡಕೇ. ವಾರಕ್ಕೆ ಎರಡು ವಿಡಿಯೊ ಆರಿಸಿ, ಅರ್ಧ ಪುಟದ ಕನ್ನಡ ಟಿಪ್ಪಣಿ ಜೊತೆಗಿಟ್ಟರೆ ಸಾಕು.

ಈ ಕೋರ್ಸಿನ ಜೀವ ಸಂದರ್ಶನದಲ್ಲಿದೆ, ಕೆಡುವುದೂ ಅಲ್ಲೇ.

ಮೊದಲ ತೊಂದರೆ ನಮ್ಮ ದಾಕ್ಷಿಣ್ಯ. "ನಾವೊಂದು ಆಪ್ ಮಾಡ್ತಿದೀವಿ, ಬಳಸ್ತೀರಾ?" ಎಂದು ಕಾಲೇಜು ಹುಡುಗರು ಕೇಳಿದರೆ ಅಂಗಡಿಯವರು "ಮಾಡ್ರಪ್ಪಾ, ಒಳ್ಳೇದಾಗ್ಲಿ" ಅನ್ನುತ್ತಾರೆ. ತಂಡ ಅದನ್ನು "ಬೇಡಿಕೆ ಇದೆ" ಎಂದು ಬರೆದುಕೊಳ್ಳುತ್ತದೆ. ಅದು ಬೇಡಿಕೆಯಲ್ಲ, ಆಶೀರ್ವಾದ. ಮುಂದೆ ಮಾಡಬಹುದಾದ್ದನ್ನು ಕೇಳಬಾರದು, ಆಗಿಹೋದದ್ದನ್ನು ಕೇಳಬೇಕು. ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್ ವಸತಿಯಲ್ಲಿ) ಇರುವ ಹುಡುಗಿಗೆ: "ಹೋದ ವಾರ ಯಾವ ರಾತ್ರಿ ಪಿಜಿ ಊಟ ಬಿಟ್ಟಿರಿ? ಬದಲಿಗೆ ಏನು ತಿಂದಿರಿ? ಎಷ್ಟು ಕೊಟ್ಟಿರಿ? ಯಾರು ತಂದುಕೊಟ್ಟರು?" ಹೋದ ವಾರ ಏನೂ ಆಗಿಲ್ಲವೆಂದರೆ ಅವರಿಗೆ ಆ ಸಮಸ್ಯೆಯೇ ಇಲ್ಲ. ತಮ್ಮ ಸಾಮಾನಿನ ಹೆಸರನ್ನು ಮೊದಲ ಹತ್ತು ನಿಮಿಷ ಎತ್ತಲೇಬಾರದು. ಬೆಲೆಯನ್ನಂತೂ ಬಾಯಲ್ಲಿ ಕೇಳಿ ಉಪಯೋಗವಿಲ್ಲ. "ನೂರು ರೂಪಾಯಿ ಕೊಡ್ತೀರಾ" ಎಂದರೆ ಹೂಂ ಅನ್ನುವವರು ಐವತ್ತು ರೂಪಾಯಿ ಮುಂಗಡಕ್ಕೆ ಕ್ಯೂಆರ್ ಕೋಡ್ ತೋರಿಸಿದೊಡನೆ "ಆಮೇಲೆ ಹೇಳ್ತೀನಿ" ಅನ್ನುತ್ತಾರೆ. ಆ ಎರಡನೇ ಉತ್ತರವನ್ನೇ ಬರೆದುಕೊಳ್ಳಬೇಕು.

ಎರಡನೆಯದು ಲೆಕ್ಕ ತುಂಬಿಸುವ ಚಟ. ನೂರು ಸಂದರ್ಶನ ಎಂದು ಗುರಿ ಕೊಟ್ಟರೆ ಮೂರನೇ ವಾರಕ್ಕೆ ಗೂಗಲ್ ಫಾರ್ಮ್ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಸೋದರಮಾವಂದಿರೆಲ್ಲ ಗಿರಾಕಿಗಳಾಗುತ್ತಾರೆ. ಫಾರ್ಮನ್ನು ಸಂದರ್ಶನ ಎಂದು ಒಪ್ಪಲೇಬಾರದು. ಪ್ರತಿ ಭೇಟಿಗೆ ನಾಲ್ಕು ಸಾಲಿನ ದಾಖಲೆ ಸಾಕು: ದಿನಾಂಕ, ಸ್ಥಳ, ಅವರು ಆಡಿದ ಒಂದು ಮಾತು ಆಡಿದ ಹಾಗೆಯೇ, ನಿರೀಕ್ಷಿಸದ ಒಂದು ಸಂಗತಿ. ಕೃತಕ ದಾಖಲೆ ಸಿಕ್ಕಿಬೀಳುವುದು ಕೊನೆಯ ಸಾಲಿನಲ್ಲಿ, ಅಚ್ಚರಿಯನ್ನು ಕಲ್ಪಿಸಿ ಬರೆಯುವುದು ಅಷ್ಟು ಸುಲಭವಲ್ಲ. ಒಪ್ಪಿಗೆ ಕೊಟ್ಟವರ ನಂಬರಿಗೆ ಬೋಧಕರು ವಾರಕ್ಕೆ ಒಂದೆರಡು ಫೋನ್ ಮಾಡುತ್ತಾರೆ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಸಮಸ್ಯೆ ತೀರಿತು.

ಸಂಖ್ಯೆಯನ್ನೂ ಇಳಿಸಬೇಕು. ಏಳು ವಾರಕ್ಕೆ ನೂರು ಅಂದರೆ ವಾರಕ್ಕೆ ಹದಿನಾಲ್ಕು. ಅನುದಾನ ಹಿಡಿದು ಅದನ್ನೇ ಕೆಲಸ ಮಾಡಿಕೊಂಡವರಿಗೆ ಅದು ಸಾಧ್ಯ. ಐದಾರು ವಿಷಯ, ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್ ಇರುವವರಿಗೆ ಅಲ್ಲ. ನಾಲ್ವರ ತಂಡ ಎರಡು ಜೋಡಿಯಾಗಲಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಜೋಡಿಗೆ ವಾರಕ್ಕೆ ಎರಡರಂತೆ ಹತ್ತು ವಾರಕ್ಕೆ ನಲವತ್ತು ಆಗುತ್ತವೆ. ನಲವತ್ತು ನಿಜವಾದ ಭೇಟಿಗಳ ಮುಂದೆ ನೂರು ಸುಳ್ಳು ಸಾಲುಗಳಿಗೆ ಏನು ಬೆಲೆ?

ವೇಳಾಪಟ್ಟಿಯ ಲೆಕ್ಕ ಇನ್ನೂ ಬಿಗಿ. ಅರವತ್ತು ಜನರ ತರಗತಿಯಲ್ಲಿ ಹದಿನೈದು ತಂಡ. ತಂಡಕ್ಕೆ ಹತ್ತು ನಿಮಿಷ ಮಂಡನೆ, ಐದು ನಿಮಿಷ ಟೀಕೆ ಎಂದರೆ 225 ನಿಮಿಷ, ಹತ್ತಿರಹತ್ತಿರ ನಾಲ್ಕು ತಾಸು. ಯಾವ ಟೈಮ್‌ಟೇಬಲ್ಲೂ ಅದನ್ನು ತಡೆಯದು. ತರಗತಿಯನ್ನು ಎರಡು ಭಾಗ ಮಾಡಿ ವಾರ ಬಿಟ್ಟು ವಾರ ಮಂಡನೆ ಇಟ್ಟರೆ ಎಂಟು ತಂಡಕ್ಕೆ ಎರಡು ತಾಸು, ಒಂದು ಲ್ಯಾಬ್ ಅವಧಿಯಲ್ಲಿ ಮುಗಿಯುತ್ತದೆ. ಹದಿನೈದು ವಾರದ ಸೆಮಿಸ್ಟರಿನಲ್ಲಿ ಇಂಟರ್ನಲ್ಸ್ ವಾರಗಳನ್ನು ಕಳೆದರೆ ಪ್ರತಿ ತಂಡಕ್ಕೆ ಆರು ಮಂಡನೆ ಸಿಗುತ್ತವೆ. ಒಂಬತ್ತು ಚೌಕಕ್ಕೆ ಆರು ಸಾಲದು. ಹಾಗಾಗಿ ಮೊದಲ ಎರಡನ್ನು ಗಿರಾಕಿ ಮತ್ತು ಮೌಲ್ಯಕ್ಕೇ ಕೊಡಿ, ಏಕೆಂದರೆ ಮೊದಲ ಊಹೆ ಬೀಳುವುದು, ಎರಡನೆಯದು ಹುಟ್ಟುವುದು ಅಲ್ಲಿಯೇ. ಮೂರನೆಯದು ಮಾರಾಟದ ದಾರಿ, ನಾಲ್ಕನೆಯದು ಬೆಲೆ, ಐದನೆಯದು ಖರ್ಚು ಮತ್ತು ಉಳಿದ ಚೌಕಗಳು, ಆರನೆಯದು ಕೊನೆಯ ಮಂಡನೆ.

ಕೋರ್ಸು ನಿಜವಾಗಿ ತೆಳುವಾಗುವುದು ಹಣದ ವಿಷಯದಲ್ಲಿ. ಆದಾಯದ ಮಾದರಿ, ಮಾರುಕಟ್ಟೆಯ ಗಾತ್ರ ಎಲ್ಲ ಇದೆ. ಆದರೆ ಹೂಡಿಕೆದಾರರ ಹಣದಲ್ಲಿ ನಡೆಯುವ ಕಂಪನಿಯ ಚಿತ್ರವೇ ಅದರ ತಲೆಯಲ್ಲಿದೆ. ದಿನದ ಬಂಡವಾಳ, ಉದ್ರಿ, ವಸೂಲಿಯ ಮಾತು ಬಹಳ ಕಡಿಮೆ. ಲೆಕ್ಕಕ್ಕೆಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ: ಧಾರವಾಡದ ನಾಲ್ವರು ವಿದ್ಯಾರ್ಥಿಗಳು ಸ್ವಸಹಾಯ ಸಂಘದವರಿಂದ ಖಡಕ್ ಜೋಳದ ರೊಟ್ಟಿ ಕೊಂಡು ಪಿಜಿ ಹುಡುಗರಿಗೆ ಮಾರುತ್ತಾರೆ. ಹತ್ತು ರೊಟ್ಟಿಯ ಪ್ಯಾಕಿಗೆ ₹100. ರೊಟ್ಟಿಗೆ ₹65, ಪ್ಯಾಕಿಂಗಿಗೆ ₹5, ಮುರಿದು ಹೋಗುವುದಕ್ಕೆ ₹6, ತಲುಪಿಸಲು ₹15. ಉಳಿಯುವುದು ₹9. ಮುರಿಯುವ ರೊಟ್ಟಿಯನ್ನು ಮೊದಲ ಕರಡಿನಲ್ಲಿ ಯಾವ ತಂಡವೂ ಲೆಕ್ಕ ಹಿಡಿಯುವುದಿಲ್ಲ, ಪೆಟ್ರೋಲನ್ನು "ಹೇಗಿದ್ದರೂ ಹೋಗ್ತೀವಲ್ಲ" ಎಂದು ಬಿಡುತ್ತಾರೆ. ₹2,000 ಖರ್ಚು ಮಾಡಿ ಪಾಂಪ್ಲೆಟ್ ಹಂಚಿ ನಲವತ್ತು ಗಿರಾಕಿ ಸಿಕ್ಕರೆ ಒಬ್ಬೊಬ್ಬರಿಗೆ ₹50 ಬಿತ್ತು. ಅದು ವಾಪಸು ಬರಲು ಆತ ಆರು ಪ್ಯಾಕ್ ಕೊಳ್ಳಬೇಕು. ತಿಂಗಳಿಗೆ ಎರಡು ಪ್ಯಾಕ್ ಎಂದರೆ ಮೂರು ತಿಂಗಳು, ಅಷ್ಟರೊಳಗೆ ಸೆಮಿಸ್ಟರ್ ಮುಗಿದು ಆತ ಊರಿಗೆ ಹೋಗಿರುತ್ತಾನೆ.

ಮಾರುಕಟ್ಟೆಯ ಗಾತ್ರವನ್ನೂ ಹೀಗೆ ಕೆಳಗಿನಿಂದಲೇ ಕಟ್ಟಿಸಬೇಕು. "ಭಾರತದ ಆಹಾರ ಮಾರುಕಟ್ಟೆಯ ಶೇ. 1 ಸಿಕ್ಕರೂ..." ಎಂದು ಶುರುವಾಗುವ ಸ್ಲೈಡನ್ನು ಅಲ್ಲೇ ನಿಲ್ಲಿಸಿ. ಮೂವತ್ತು ಪಿಜಿ, ತಲಾ ಇಪ್ಪತ್ತೈದು ಜನ, ಒಟ್ಟು 750. ಐವರಲ್ಲಿ ಒಬ್ಬರು ಕೊಂಡರೆ 150 ಜನ, ತಿಂಗಳಿಗೆ 300 ಪ್ಯಾಕ್, ₹9ರಂತೆ ₹2,700. ನಾಲ್ವರು ಹಂಚಿಕೊಂಡರೆ ತಲೆಗೆ ₹675. ಬೋರ್ಡಿನ ಮೇಲೆ ಈ ಒಂದು ಸಂಖ್ಯೆ ಮಾಡುವ ಕೆಲಸವನ್ನು ಹತ್ತು ಉಪನ್ಯಾಸ ಮಾಡಲಾರವು.

ದಿಕ್ಕು ಬದಲಿಸುವ ಪಾಠ ಇಲ್ಲಿಂದ ತಾನಾಗಿ ಬರುತ್ತದೆ. ಗಿರಾಕಿ ಹುಡುಗನಲ್ಲ, ಪಿಜಿ ಮಾಲೀಕರು ಎಂದುಕೊಂಡರೆ? ನೂರು ರೊಟ್ಟಿಗೆ ₹800. ಕೊಂಡದ್ದು ₹650, ಮುರಿದದ್ದಕ್ಕೆ ₹33, ಒಂದು ಟ್ರಿಪ್ಪಿಗೆ ₹40, ಉಳಿತಾಯ ₹77. ಹತ್ತು ರೊಟ್ಟಿಗೆ ₹9 ಇದ್ದದ್ದು ₹7.70ಕ್ಕೆ ಇಳಿಯಿತು, ಆದರೆ ಪಾಂಪ್ಲೆಟ್ ಬೇಡ, ಪ್ಯಾಕಿಂಗ್ ಬೇಡ, ಹುಡುಗರು ಬದಲಾದರೂ ಮಾಲೀಕರು ಅವರೇ. ಚೆನ್ನಾಗಿದೆ ಅನ್ನಿಸುವಾಗಲೇ ಉದ್ರಿ ಬಂದು ಕೂರುತ್ತದೆ. ಮಾಲೀಕರು ತಿಂಗಳ ಕೊನೆಗೆ ಕೊಡುತ್ತಾರೆ, ಸಂಘದ ಹೆಂಗಸರಿಗೆ ಅಂದೇ ಕೊಡಬೇಕು. ತಿಂಗಳಿಗೆ 3,000 ರೊಟ್ಟಿ ಎಂದರೆ ₹19,500 ಯಾರದೋ ಕೈಯಿಂದ ಹೋಗಿ ನಿಂತಿರುತ್ತದೆ. ಕ್ಯಾನ್ವಾಸಿನ ಒಂಬತ್ತು ಚೌಕದಲ್ಲಿ ಈ ಹಣಕ್ಕೆ ಜಾಗವಿಲ್ಲ. ಹತ್ತನೇ ಚೌಕ ಒಂದನ್ನು ಪೆನ್ಸಿಲಿನಲ್ಲಿ ಎಳೆದು "ಇವತ್ತು ಯಾರ ದುಡ್ಡು ಎಲ್ಲಿದೆ" ಎಂದು ಬರೆಸುವುದು ಒಳ್ಳೆಯದು.

ಕಾನೂನಿನ ಭಾಗವನ್ನೂ ನಾವೇ ಸೇರಿಸಿಕೊಳ್ಳಬೇಕು. ಪ್ರಯೋಗಕ್ಕೆಂದು ಮಾರಿದರೂ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಪ್ಯಾಕ್ ಮೇಲೆ ತೂಕ, ಎಂಆರ್‌ಪಿ, ದಿನಾಂಕ ಇರಬೇಕು. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಎಂದು ಹೇಳಿಕೊಡುವವರು ಇನ್ನೊಂದನ್ನೂ ಹೇಳಬೇಕು: 2021ರಿಂದ ವ್ಯಾಪಾರಿಗಳೂ ನೋಂದಾಯಿಸಬಹುದಾದರೂ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. ರೊಟ್ಟಿ ಕೊಂಡು ಮಾರುವವರಿಗೆ ಆ 45 ದಿನ ಅನ್ವಯಿಸದು. ಇನ್ನು ತಂಡದೊಳಗಿನ ಮಾತು. ಕರಾರುಪತ್ರ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯಂತೆ ಲಾಭ ಸಮಪಾಲು, ದುಡಿದವರಿಗೂ ದುಡಿಯದವರಿಗೂ. ಪ್ಲೇಸ್‌ಮೆಂಟ್ ಸಿಕ್ಕಿ ಒಬ್ಬ ಪುಣೆಗೆ ಹೊರಟಾಗ ಜಗಳ ಹುಟ್ಟುವುದು ಇಲ್ಲಿ. ಎರಡನೇ ವಾರದಲ್ಲೇ ಒಂದು ಪುಟ ಬರೆಸಿ ಸಹಿ ಹಾಕಿಸಿ: ಯಾರು ಎಷ್ಟು ಹಾಕಿದರು, ಬಿಟ್ಟು ಹೋದರೆ ಏನು.

ಹಳೆಯ ಪ್ರಾಜೆಕ್ಟ್ ರಿಪೋರ್ಟನ್ನು ಪೂರ್ತಿ ಎಸೆಯಬೇಕೆಂಬ ಕೋರ್ಸಿನ ಹಟವನ್ನು ಮಾತ್ರ ಒಪ್ಪಲಾಗದು. ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ) ಅರ್ಜಿ ಇರಲಿ, ಬ್ಯಾಂಕ್ ಸಾಲ ಇರಲಿ, ಮೇಜಿನ ಆಚೆ ಕೂತವರು ಕೇಳುವುದು ಡಿಪಿಆರ್ (ವಿವರವಾದ ಪ್ರಾಜೆಕ್ಟ್ ರಿಪೋರ್ಟ್), ಕ್ಯಾನ್ವಾಸ್ ಅಲ್ಲ. ಕ್ರಮ ತಿರುಗಿಸಿದರೆ ಸಾಕು: ಮೊದಲು ಹತ್ತು ವಾರ ಗಿರಾಕಿ, ಕೊನೆಯ ಎರಡು ವಾರ ರಿಪೋರ್ಟ್. ಆಗ ಅದರಲ್ಲಿನ ಮಾರಾಟದ ಅಂಕಿಗೆ ನಲವತ್ತು ಭೇಟಿಗಳ ಆಧಾರವಿರುತ್ತದೆ.

ಬೋಧಕರ ವಿಷಯಕ್ಕೆ ಬಂದರೆ, ಮೂಲ ಕೋರ್ಸಿನಲ್ಲಿ ಟೀಕೆ ತೀಕ್ಷ್ಣ, ಎಲ್ಲರ ಎದುರಿಗೇ. ಮೊದಲ ಬಾರಿ ವೇದಿಕೆ ಹತ್ತಿದ ಹಳ್ಳಿಯ ಹುಡುಗಿಯನ್ನು ಹಾಗೆ ಹರಿದುಹಾಕಿದರೆ ಮುಂದಿನ ವಾರ ತಂಡದ ಮಾತುಗಾರನೊಬ್ಬನೇ ಬರುತ್ತಾನೆ. ಮಂಡಿಸುವವರು ಪ್ರತಿ ಸಲ ಬದಲಾಗಲಿ, ಟೀಕೆ ದಾಖಲೆಯ ಮೇಲಿರಲಿ, ಕನ್ನಡದಲ್ಲಿ ಮಂಡಿಸಲು ಬಿಡಿ. ವಾರಕ್ಕೊಮ್ಮೆ ಬರುವ ಮಾರ್ಗದರ್ಶಕರಿಗೆ ದೊಡ್ಡ ಸ್ಟಾರ್ಟಪ್ ಸ್ಥಾಪಕರನ್ನು ಹುಡುಕುತ್ತಾ ಕೂರಬೇಕಿಲ್ಲ. ಊರಿನಲ್ಲಿ ಹದಿನೈದು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವರು ಉದ್ರಿ ಮತ್ತು ಮಾರ್ಜಿನ್ ಬಗ್ಗೆ ಕೇಳುವ ಪ್ರಶ್ನೆ ಹೆಚ್ಚು ನೋಯಿಸುತ್ತದೆ, ಹೆಚ್ಚು ಕಲಿಸುತ್ತದೆ.

ಅಂಕ ಹಂಚುವಾಗ ಒಂದು ಎಚ್ಚರ. ಕೊನೆಯ ಮಂಡನೆಗೆ ಹೆಚ್ಚು ಅಂಕ ಇಟ್ಟರೆ ಎಲ್ಲರೂ ಗೆದ್ದ ಕಥೆಯನ್ನೇ ತರುತ್ತಾರೆ. ವಿಟಿಯು ಪದ್ಧತಿಯಂತೆ ಆಂತರಿಕ ಅಂಕ 50 ಇದ್ದರೆ ಭೇಟಿಯ ದಾಖಲೆಗೆ 20, ಹಾಳೆಯಲ್ಲಿ ಆದ ಬದಲಾವಣೆ ಮತ್ತು ಅದರ ಕಾರಣಕ್ಕೆ 15, ಒಂದು ಪ್ಯಾಕಿನ ಲೆಕ್ಕಕ್ಕೆ 10, ಮಂಡನೆಗೆ 5 ಸಾಕು. "ಈ ವ್ಯವಹಾರ ಆಗುವುದಿಲ್ಲ" ಎಂದು ಲೆಕ್ಕಸಹಿತ ತೋರಿಸಿದ ತಂಡಕ್ಕೂ ಪೂರ್ತಿ ಅಂಕ ಸಿಗುತ್ತದೆ ಎಂಬುದನ್ನು ಮೊದಲ ತರಗತಿಯಲ್ಲೇ, ಬರಹದಲ್ಲಿ ಕೊಡಬೇಕು. ಖರ್ಚಿಗೆ ತಂಡಕ್ಕೆ ₹1,000ದ ಒಂದು ನಿಧಿ ಇಡಿ, ಬಸ್ಸಿಗೆ, ಮಾದರಿ ಪ್ಯಾಕಿಗೆ, ಚಾರ್ಟ್ ಹಾಳೆಗೆ. ರಸೀದಿ ಇಲ್ಲದೆ ಎರಡನೇ ಕಂತು ಬೇಡ.